ವಿಜಯನಗರ ಜಿಲ್ಲೆ: ಕಚೇರಿ ಹತ್ತಿರ ಬಂತು, ಮಿಕ್ಕಿದ್ದು?

ಹಂಪಿ ರಸ್ತೆ

ವಿಜಯನಗರ ಜಿಲ್ಲೆ ಅಂದ ಕೂಡಲೇ ಮಾತು ಕಲ್ಲಿನ ರಥಕ್ಕೆ ಹೋಗುತ್ತೆ, ಇಲ್ಲಾ ಆಗಿನ ಹೊಸಪೇಟೆ ಶಾಸಕ ಆನಂದ್ ಸಿಂಗ್ ಅವರ ರಾಜೀನಾಮೆಗೆ ಹೋಗುತ್ತೆ. ಎರಡನ್ನೂ ಪಕ್ಕಕ್ಕಿಟ್ಟು ಮಾತಾಡೋಣ ಅಂತ ಬರೀತಿದ್ದೇನೆ. 2021ರ ಫೆಬ್ರುವರಿ 8ಕ್ಕೆ ಅಂತಿಮ ಅಧಿಸೂಚನೆ ಬಂತು, ಅಕ್ಟೋಬರ್ 2ಕ್ಕೆ ಬಸವರಾಜ ಬೊಮ್ಮಾಯಿ ಉದ್ಘಾಟನೆ ಮಾಡಿದರು. ಬಳ್ಳಾರಿ ಜಿಲ್ಲೆಯಿಂದ ಒಡೆದು ಮಾಡಿದ, ಹೊಸಪೇಟೆ ಕೇಂದ್ರವಾದ ರಾಜ್ಯದ 31ನೇ ಜಿಲ್ಲೆ. ಹೊಸಪೇಟೆ, ಕೂಡ್ಲಿಗಿ, ಹಗರಿಬೊಮ್ಮನಹಳ್ಳಿ, ಕೊಟ್ಟೂರು, ಹೂವಿನಹಡಗಲಿ, ಹರಪನಹಳ್ಳಿ ಇತ್ತ ಬಂದವು. ಬಳ್ಳಾರಿ, ಸಂಡೂರು, ಸಿರುಗುಪ್ಪ, ಕುರುಗೋಡು, ಕಂಪ್ಲಿ ಅಲ್ಲೇ ಉಳಿದವು.

ಬೋರ್ಡು ಬದಲಾಯ್ತು, ಲೆಟರ್‌ಹೆಡ್ಡು ಬದಲಾಯ್ತು. ನಿಮ್ಮ ನಿಮ್ಮ ತಾಲ್ಲೂಕಿಗೆ ಏನು ಬಂತು, ಏನು ಬರಲಿಲ್ಲ ಅಂತ ತಿಳಿದವರು ಹೇಳಿ. "ಜೈ ವಿಜಯನಗರ" ಅಂತ ಬರೆದು ಹೋಗೋರು ಬೇರೆ ಕಡೆ ಹೋಗಬಹುದು.

ಕೌಲ್‌ಬಜಾರ್ ಹುಡುಗ

ನಾನು ಬಳ್ಳಾರಿಯವನು, ಮೊದಲೇ ಹೇಳಿಬಿಡ್ತೀನಿ. 2019ರ ಜುಲೈನಲ್ಲಿ ಆ ಆನಂದ್ ಸಿಂಗ್ ಶಾಸಕ ಸ್ಥಾನಕ್ಕೆ ರಾಜೀನಾಮೆ ಕೊಟ್ಟರು, ಡಿಸೆಂಬರಿನ ಉಪಚುನಾವಣೇಲಿ ಇನ್ನೊಂದು ಪಕ್ಷದಿಂದ ಗೆದ್ದರು, ಫೆಬ್ರುವರಿಗೆ ಮಂತ್ರಿಯಾದರು, ನವೆಂಬರಿಗೆ ಸಂಪುಟ ಜಿಲ್ಲೆಗೆ ಒಪ್ಪಿಗೆ ಕೊಡ್ತು. ಇದರಲ್ಲಿ ಆಡಳಿತ ಎಲ್ಲಿದೆ, ರಾಜಕೀಯ ಎಲ್ಲಿದೆ ಅಂತ ನೀವೇ ಹೇಳಿ. ಆಗ ಆಳುವ ಪಕ್ಷದವರೇ ಆಗಿದ್ದ ನಮ್ಮ ಅಂದಿನ ನಗರ ಶಾಸಕ ಸೋಮಶೇಖರ ರೆಡ್ಡಿ ಎದುರು ನಿಂತರು. ಊರು ಬಂದ್ ಆಯ್ತು. ಕೇಳಿದವರು ಯಾರು?

ಮಾಜಿ ಶಿರಸ್ತೇದಾರ

ತಮ್ಮಾ, ಜಿಲ್ಲೆ ಹುಟ್ಟುವುದು ಯಾವಾಗಲೂ ರಾಜಕೀಯದಿಂದಲೇ. 1997ರಲ್ಲಿ ಜೆ.ಎಚ್. ಪಟೇಲರು ಏಳು ಜಿಲ್ಲೆ ಮಾಡಿದಾಗ ದಾವಣಗೆರೆಯೂ ಒಂದು. ಅದು ಅವರ ತವರು. ಅದಕ್ಕೂ ಮೊದಲು ಹುಂಡೇಕಾರ್ ಸಮಿತಿ, ಗದ್ದಿಗೌಡರ್ ಸಮಿತಿ ಎಂದು ವರದಿಗಳು ಬಂದು ಕಪಾಟಿನಲ್ಲಿ ಕೂತಿದ್ದವು. ವರದಿ ಬರೆಯುವವರು ಒಬ್ಬರು, ಗೆರೆ ಎಳೆಯುವವರು ಇನ್ನೊಬ್ಬರು.

ಆದರೆ ವಿಧಾನ ತಪ್ಪಲಿಲ್ಲ. ಭೂ ಕಂದಾಯ ಕಾಯ್ದೆ 1964ರ 4ನೇ ಕಲಂ ಪ್ರಕಾರ ಸರ್ಕಾರ ಮೊದಲು ಕರಡು ಹೊರಡಿಸಿ ಆಕ್ಷೇಪಣೆ ಕರೆಯಬೇಕು. 2020ರ ಡಿಸೆಂಬರ್ 14ರಂದು ಕರಡು ಬಂತು, 30 ದಿನ ಕಾಲಾವಕಾಶ ಇತ್ತು. ಆಕ್ಷೇಪಣೆ ಸಲ್ಲಿಸಿದರು, ಆಮೇಲೆ ಅಂತಿಮವಾಯಿತು. ಕರಡಿನ ನಂತರ ಗೆರೆ ಕದಲುವುದು ಅಪರೂಪ. ಸೇವೆಯಲ್ಲಿದ್ದಾಗ ಕಂಡದ್ದನ್ನು ಹೇಳುತ್ತಿದ್ದೇನೆ.

ಇನ್ನು ಬಳ್ಳಾರಿ ಒಡೆಯಿತು ಎಂದು ಹೊಸದಾಗಿ ಅಳುವುದೇನಿಲ್ಲ. 1800ರಲ್ಲಿ ನಿಜಾಮರು ಬ್ರಿಟಿಷರಿಗೆ ಬಿಟ್ಟುಕೊಟ್ಟ ದತ್ತ ಮಂಡಲದಲ್ಲಿ ನಾವೆಲ್ಲ ಇದ್ದೆವು, ಥಾಮಸ್ ಮನ್ರೋ ಪ್ರಧಾನ ಕಲೆಕ್ಟರ್. ಆ ದೊಡ್ಡ ಬಳ್ಳಾರಿಯಿಂದ 1882ರಲ್ಲಿ ಅನಂತಪುರ ಹೋಯಿತು. ಸ್ವಾತಂತ್ರ್ಯ ಬಂದ ಮೇಲೆ ಸಂಡೂರು ಸಂಸ್ಥಾನ ಸೇರಿಕೊಂಡಿತು. 1953ರ ಅಕ್ಟೋಬರ್ 1ರಂದು ಆಂಧ್ರ ರಾಜ್ಯ ಹುಟ್ಟಿದಾಗ ಆದೋನಿ, ಆಲೂರು, ರಾಯದುರ್ಗ ಆ ಕಡೆ ಹೋದವು, ಮಿಕ್ಕ ತಾಲ್ಲೂಕುಗಳು ಮೈಸೂರು ರಾಜ್ಯಕ್ಕೆ ಬಂದವು. ಬಳ್ಳಾರಿ ಊರು ಯಾರಿಗೆ ಎಂಬುದಕ್ಕೇ ಮಿಶ್ರಾ ಆಯೋಗ ಕೂರಬೇಕಾಯಿತು. ಕೂಡುವುದು, ಕಳೆಯುವುದು ಈ ಜಿಲ್ಲೆಗೆ ರೂಢಿ.

ಹರಪನಹಳ್ಳಿ ಮೇಷ್ಟ್ರು

ರೂಢಿ ಎಂದಿರಲ್ಲ ಸರ್, ಆ ರೂಢಿಯ ಪೂರ್ತಿ ಭಾರ ಹೊತ್ತವರು ನಾವು. ನಮ್ಮ ತಾಲ್ಲೂಕು 1997ರವರೆಗೆ ಬಳ್ಳಾರಿ. ಅಲ್ಲಿಂದ ದಾವಣಗೆರೆ. 2018ರಲ್ಲಿ ಮತ್ತೆ ಬಳ್ಳಾರಿ. 2021ರಲ್ಲಿ ವಿಜಯನಗರ. ನನ್ನ ಸೇವಾ ಪುಸ್ತಕ ತೆಗೆದರೆ ಮೂರು ಜಿಲ್ಲೆಯ ಮೊಹರು ಇವೆ, ನಾನು ಮಾತ್ರ ಒಂದೇ ಶಾಲೆಯಲ್ಲಿ ಇದ್ದೆ.

ಯಾಕೆ ಹೀಗಾಯಿತು ಎಂಬುದು ಹೊರಗಿನವರಿಗೆ ಗೊತ್ತಿಲ್ಲ, ಅದಕ್ಕೆ ಸ್ವಲ್ಪ ಉದ್ದ ಬರೆಯುತ್ತೇನೆ. ದಾವಣಗೆರೆ ನಮಗೆ ಹತ್ತಿರ, ಸುಮಾರು 50 ಕಿಲೋಮೀಟರ್. ಸಂತೆ, ಆಸ್ಪತ್ರೆ, ಮೆಕ್ಕೆಜೋಳ ಮಾರುವುದು ಎಲ್ಲ ಅಲ್ಲೇ. ಬಳ್ಳಾರಿ ನೂರು ಕಿಲೋಮೀಟರ್ ಮೀರಿ ದೂರ. ಹಾಗಾಗಿ 1997ರಲ್ಲಿ ದಾವಣಗೆರೆಗೆ ಸೇರಿದ್ದು ಅನುಕೂಲವೇ ಆಗಿತ್ತು. ಆದರೆ ಸಂವಿಧಾನದ 98ನೇ ತಿದ್ದುಪಡಿಯಿಂದ 371(ಜೆ) ಬಂದು, 2013ರಿಂದ ಜಾರಿಗೆ ಶುರುವಾಯಿತು. ಬೀದರ್, ಕಲಬುರಗಿ, ಯಾದಗಿರಿ, ರಾಯಚೂರು, ಕೊಪ್ಪಳ, ಬಳ್ಳಾರಿ ಈ ಆರು ಜಿಲ್ಲೆಗೆ ನೇಮಕಾತಿಯಲ್ಲಿ, ಕಾಲೇಜು ಸೀಟಿನಲ್ಲಿ ಮೀಸಲು ಸಿಕ್ಕಿತು. ಗ್ರೂಪ್ ಸಿ ಹುದ್ದೆಯಲ್ಲಿ ಶೇ 80, ಗ್ರೂಪ್ ಡಿಯಲ್ಲಿ ಶೇ 85 ಸ್ಥಳೀಯರಿಗೆ. ಪಕ್ಕದ ಹಡಗಲಿ ಹುಡುಗನಿಗೆ ಸೌಲಭ್ಯ, ಹಳ್ಳದಾಚೆ ನಮ್ಮ ಹುಡುಗನಿಗೆ ಇಲ್ಲ. ನಂಜುಂಡಪ್ಪ ವರದಿ 2002ರಲ್ಲೇ ನಮ್ಮನ್ನು ಅತ್ಯಂತ ಹಿಂದುಳಿದ ತಾಲ್ಲೂಕು ಎಂದಿತ್ತು. ಸುಗ್ಗಿ ಮುಗಿದರೆ ತಾಂಡಾಗಳು ಖಾಲಿ, ಕಬ್ಬು ಕಡಿಯಲು, ಕಾಫಿ ತೋಟಕ್ಕೆ ಗುಳೆ. ಅಂಥ ಊರು ದಾವಣಗೆರೆಯ ಲೆಕ್ಕದಲ್ಲಿ ಮುಚ್ಚಿಹೋಗಿತ್ತು. ವರ್ಷಗಟ್ಟಲೆ ಹೋರಾಟ ನಡೆದು 2018ರಲ್ಲಿ ಬಳ್ಳಾರಿಗೆ ಮರಳಿದೆವು. ಹತ್ತಿರದ ಜಿಲ್ಲೆ ಬಿಟ್ಟು ದೂರದ ಜಿಲ್ಲೆ ಕೇಳಿಕೊಂಡು ಹೋದವರು ಇನ್ನೆಲ್ಲಾದರೂ ಇದ್ದಾರೆಯೇ?

ಆದ್ದರಿಂದ ವಿಜಯನಗರ ಜಿಲ್ಲೆ ನಮಗೆ ರಾಜಿ ಇದ್ದಂತೆ. 371(ಜೆ) ಕೈಬಿಡಲಿಲ್ಲ, ಬಳ್ಳಾರಿಯಷ್ಟು ದೂರವೂ ಇಲ್ಲ. ಆದರೂ ದಾವಣಗೆರೆಗೆ ಹೋಲಿಸಿದರೆ ಹೊಸಪೇಟೆ ಎರಡು ಪಟ್ಟು ದಾರಿ. "ಹರಪನಹಳ್ಳಿಯನ್ನೇ ಜಿಲ್ಲಾ ಕೇಂದ್ರ ಮಾಡಿ" ಎಂದು ಆಗ ಕೂಗು ಎದ್ದದ್ದು ಅದಕ್ಕೇ. ಸಿಕ್ಕ ಸಮಾಧಾನ ಒಂದೇ. ಉಪವಿಭಾಗಾಧಿಕಾರಿ ಕಚೇರಿ ನಮ್ಮಲ್ಲೇ ಇದೆ, 371(ಜೆ) ಅರ್ಹತಾ ಪತ್ರಕ್ಕೆ ಮಕ್ಕಳು ಅಲೆಯಬೇಕಿಲ್ಲ.

ಕೌಲ್‌ಬಜಾರ್ ಹುಡುಗ

ಮೇಷ್ಟ್ರೇ, ಲೋಕಸಭೆಗೆ ನೀವು ಇವತ್ತಿಗೂ ದಾವಣಗೆರೆಗೇ ಓಟು ಹಾಕೋದು ಅಲ್ವಾ?

ಹರಪನಹಳ್ಳಿ ಮೇಷ್ಟ್ರು

ಹೌದಪ್ಪ. ಸಂಸದರು ದಾವಣಗೆರೆಯವರು, ಜಿಲ್ಲಾಧಿಕಾರಿ ಹೊಸಪೇಟೆಯಲ್ಲಿ. ಮಿಕ್ಕ ನಾಲ್ಕು ವಿಧಾನಸಭಾ ಕ್ಷೇತ್ರ ಬಳ್ಳಾರಿ ಲೋಕಸಭೆಗೆ ಸೇರುತ್ತವೆ. ಹೀಗಾಗಿ ವಿಜಯನಗರ ಜಿಲ್ಲೆಗೆ ಅಂತಲೇ ಒಬ್ಬ ಸಂಸದ ಇಲ್ಲ. ಕೇಂದ್ರದ ಯೋಜನೆಗಳನ್ನು ಪರಿಶೀಲಿಸುವ ದಿಶಾ ಸಭೆಗೆ ಇಬ್ಬರು ಬರಬೇಕು, ಇಬ್ಬರಿಗೂ ಇದು ಎರಡನೇ ಜಿಲ್ಲೆ.

ಹಿನ್ನೀರಿನಾಕಿ

ಎಲ್ಲಾರೂ ದೂರದ ಲೆಕ್ಕ ಹೇಳಾಕತ್ತೀರಿ, ನಾ ನೀರಿನ ಲೆಕ್ಕ ಹೇಳ್ತೀನಿ. ನಮ್ಮದು ಹಗರಿಬೊಮ್ಮನಹಳ್ಳಿ ಕಡೆ ಹಿನ್ನೀರಿನ ಊರು. ತುಂಗಭದ್ರಾ ಡ್ಯಾಮು ಐತಿ ನಮ್ಮ ಜಿಲ್ಲೆ ಒಳಗ. ಮುಳುಗಿದ ಊರುಗಳೂ ಬಹಳ ನಮ್ಮ ತಾಲ್ಲೂಕಿನವೇ. ಎರಡೂ ದಂಡೆ ಸೇರಿ ಸುಮಾರು 90 ಹಳ್ಳಿ ನೀರಾಗ ಹೋದವು. ನಾರಾಯಣದೇವರಕೆರೆ ಅನ್ನೋ ಊರೇ ಮುಳುಗಿ ಅಲ್ಲಿನ ಮಂದಿ ಮರಿಯಮ್ಮನಹಳ್ಳಿಗೆ ಬಂದು ಕೂತ್ರು. ಅಲ್ಲಿನ ನಾಟಕ ಮಂದಿ, ಜೋಗತಿ ಮಂಜಮ್ಮಗ ಪದ್ಮಶ್ರೀ ಬಂದದ್ದು ಎಲ್ಲಾರಿಗೂ ಗೊತ್ತು, ಆ ಊರು ಹ್ಯಾಂಗ ಹುಟ್ಟಿತು ಅನ್ನೋದು ಯಾರಿಗೂ ನೆನಪಿಲ್ಲ.

ಈಗ ನೀರು ಎಲ್ಲಿಗೆ ಹೊಕ್ಕೈತಿ ನೋಡ್ರಿ. ಎಡದಂಡೆ ಕಾಲುವೆ ಕೊಪ್ಪಳ, ರಾಯಚೂರಿಗೆ. ಬಲದಂಡೆ ಮೇಲ್ಮಟ್ಟದ ಕಾಲುವೆ, ಕೆಳಮಟ್ಟದ ಕಾಲುವೆ ಬಳ್ಳಾರಿ ಕಡೆ ಹಾದು ಆಂಧ್ರಕ್ಕ. ನಮ್ಮ ಜಿಲ್ಲೆಗೆ ಕಾಲುವೆ ನೀರು ಅಂದ್ರ ಹೊಸಪೇಟೆ, ಕಮಲಾಪುರ ಸುತ್ತಿನ ರಾಯ ಕಾಲುವೆ, ಬಸವ ಕಾಲುವೆ, ತುರ್ತು ಕಾಲುವೆ. ಅವು ಅರಸರ ಕಾಲದವು, ಡ್ಯಾಮಿಗಿಂತ ನಾಲ್ಕೈದು ನೂರು ವರ್ಷ ಹಳೇವು! ಅಲ್ಲಿ ಬಾಳೆ, ಕಬ್ಬು, ಭತ್ತ. ಇತ್ತ ಬಂದ್ರ ಉಳ್ಳಾಗಡ್ಡಿ, ಶೇಂಗಾ, ಜೋಳ, ಮಳೆ ನಂಬಿದ ಬದುಕು. ಸಮುದ್ರದಂಥ ನೀರು ಕಣ್ಣಮುಂದ ಇಟ್ಕೊಂಡು ಬೋರು ಕೊರಸ್ತೀವಿ ನಾವು.

ಜಿಲ್ಲೆ ಆದ ಮ್ಯಾಲ ಒಂದು ಒಳ್ಳೇದಾಗೈತಿ, ಅದನ್ನೂ ಹೇಳ್ಬೇಕು. ಮೊದಲು ನೀರಾವರಿ ಸಭೆ ಅಂದ್ರ ಸಿರುಗುಪ್ಪ, ಕಂಪ್ಲಿ ಭತ್ತದ ಮಾತೇ ಆಗ್ತಿತ್ತು. ಕಾಲುವೆ ಇದ್ದವರ ದನಿ ದೊಡ್ಡದು. ಈಗ ಜಿಲ್ಲೆಯ ಸಭೆ ಒಳಗ ನೀರೆತ್ತೋ ಯೋಜನೆ ಮಾತು ಮುಂದ ಬರ್ತೈತಿ. ಮಾಲವಿ ಡ್ಯಾಮಿಗೆ ಹಿನ್ನೀರು ಎತ್ತೋದು, ಕೂಡ್ಲಿಗಿ ಕೆರೆ ತುಂಬ್ಸೋದು, ಹಡಗಲಿ ಕಡೆ ಸಿಂಗಟಾಲೂರು. ಅಂಕಸಮುದ್ರ ಕೆರೆ ನೋಡ್ರಿ, ಹಿನ್ನೀರು ಎತ್ತಿ ತುಂಬಿಸಿದ್ದಕ್ಕ ಜಾಲಿಗಿಡದ ತುಂಬ ಹಕ್ಕಿ ಬಂದು ಕೂತ್ವು, 2024ಕ್ಕ ಜಗತ್ತಿನ ಮುಖ್ಯ ಜೌಗು ನೆಲಗಳ ರಾಮ್ಸರ್ ಪಟ್ಟಿಗೆ ಸೇರ್ತು. ಹಕ್ಕಿಗೆ ಸಿಕ್ಕ ನೀರು ಹೊಲಕ್ಕ ಯಾವಾಗ ಅಂತ ನಮ್ಮಪ್ಪ ಕೇಳ್ತಾನ.

ಕೂಡ್ಲಿಗಿ ಹುಣಸೆ

ಅಕ್ಕಾ, ನಮ್ಮದು 74 ಕೆರೆ ತುಂಬಿಸೋ ಯೋಜನೆ. ಅದು ಮುಗಿದ್ರೆ ಕೂಡ್ಲಿಗಿಗೆ ಜಿಲ್ಲೆಗಿಂತ ದೊಡ್ಡ ಸುದ್ದಿ. ಜಿಲ್ಲಾ ಕಚೇರಿ ಎಲ್ಲಿದ್ರೂ ಬಸ್ ಹತ್ತಿ ಹೋಗ್ತೀವಿ. ಕೆರೆ ಬಸ್ ಹತ್ತಲ್ಲ.

ಹಂಪಿ ರಸ್ತೆ

ಹಿನ್ನೀರಿನ ಅಕ್ಕ ಡ್ಯಾಮಿನ ಮಾತು ತೆಗೆದದ್ದು ಒಳ್ಳೇದಾಯ್ತು. ಹೊಸಪೇಟೆಯವರಿಗೆ ಮಾತ್ರ ಗೊತ್ತಿರೋ ಒಂದು ಸಂಗತಿ ಹೇಳ್ತೀನಿ. ನಮ್ಮ ಜಿಲ್ಲಾಧಿಕಾರಿ ಕಚೇರಿ ಇರೋದು ತುಂಗಭದ್ರಾ ಸ್ಟೀಲ್ ಪ್ರಾಡಕ್ಟ್ಸ್ ಜಾಗದಲ್ಲಿ. ಟಿಎಸ್‌ಪಿ ಅಂತೀವಿ. ಕೇಂದ್ರ ಸರ್ಕಾರದ ಕಾರ್ಖಾನೆ, ದೇಶದ ಎಷ್ಟೋ ಅಣೆಕಟ್ಟುಗಳಿಗೆ ಗೇಟು ಮಾಡಿಕೊಟ್ಟದ್ದು ಅದು. ನಷ್ಟ ಅಂತ ಮುಚ್ಚೋಕೆ 2015ರಲ್ಲಿ ಕೇಂದ್ರ ಸಂಪುಟ ತೀರ್ಮಾನ ಮಾಡ್ತು. ಜಾಗ ರಾಜ್ಯದ ಕೈಗೆ ಬಂತು, ಹೊಸ ಜಿಲ್ಲೆಗೆ ಸಿದ್ಧ ಜಾಗ ಸಿಕ್ಕಿತು. 2024ರ ಆಗಸ್ಟ್ 10ರ ರಾತ್ರಿ ಡ್ಯಾಮಿನ 19ನೇ ಗೇಟು ಕೊಚ್ಚಿಹೋದಾಗ ಗೇಟು ತಜ್ಞ ಕನ್ನಯ್ಯ ನಾಯ್ಡು ಅವರನ್ನ ಕರೆಸಿ, ಬೇರೆ ಕಾರ್ಖಾನೆಗಳಲ್ಲಿ ತಾತ್ಕಾಲಿಕ ಗೇಟು, ಅಂದರೆ ಸ್ಟಾಪ್‌ಲಾಗ್ ಮಾಡಿಸಿ, ವಾರದಲ್ಲಿ ನೀರು ನಿಲ್ಲಿಸಿದರು. ಗೇಟು ಮಾಡ್ತಿದ್ದ ಊರಲ್ಲಿ ಗೇಟಿಗೆ ಪರದಾಟ. ಆ ಜಾಗದಲ್ಲಿ ಈಗ ಕಡತ ಓಡಾಡ್ತವೆ.

ಇದನ್ನ ಬರೀ ವ್ಯಂಗ್ಯಕ್ಕೆ ಹೇಳ್ತಿಲ್ಲ. ಹೊಸಪೇಟೆಯ ದುಡಿಮೆ ಕುಸಿದ ಮೇಲೆ ಜಿಲ್ಲೆ ಬಂತು. ಟಿಎಸ್‌ಪಿ ಹೋಯ್ತು, ಊರಿನ ಸಕ್ಕರೆ ಕಾರ್ಖಾನೆ ಮುಚ್ಚಿತು, ಕಬ್ಬಿನ ಗದ್ದೆಯವರು ಗಾಡಿ ಕಟ್ಟಿಕೊಂಡು ದೂರದ ಕಾರ್ಖಾನೆ ಹುಡುಕಿದರು. 2011ರಲ್ಲಿ ಲೋಕಾಯುಕ್ತ ವರದಿ ಬಂದ ಜುಲೈನಲ್ಲೇ ಸುಪ್ರೀಂ ಕೋರ್ಟ್ ಬಳ್ಳಾರಿ ಗಣಿ ನಿಲ್ಲಿಸಿತು, ಲಾರಿ ಸಾಲ ಮಾಡಿದವರು ಮನೆ ಮಾರಿದರು. ಅದೇ ತಿಂಗಳು ಹಂಪಿ ಬಜಾರಿನ ಮನೆಗಳನ್ನೂ ತೆರವು ಮಾಡಿದರು. ಊರಿಗೆ ಉಳಿದದ್ದು ಹೋಟೆಲ್, ಲಾಡ್ಜು, ಆಟೋ. ಸರ್ಕಾರಿ ಕಚೇರಿ ಬಂದರೆ ಬಾಡಿಗೆ ಏರುತ್ತೆ, ಜೆರಾಕ್ಸ್ ಅಂಗಡಿ ಹೆಚ್ಚುತ್ತೆ, ಸೈಟಿನ ದರ ಕುಣಿಯುತ್ತೆ. ಕಾರ್ಖಾನೆ ಕೊಡ್ತಿದ್ದ ಸಂಬಳ ಅದರಿಂದ ಹುಟ್ಟಲ್ಲ.

ಪಿ.ಕೆ. ಹಳ್ಳಿ ಧೂಳು

ಗಣಿ ಮಾತು ಬಂತಲ್ಲ, ನನ್ನ ಸರದಿ. ಜಿಲ್ಲೆ ಒಡೆದದ್ದು ಅಣ್ತಮ್ಮ ಪಾಲಾದಂಗೆ. ತಮ್ಮನಿಗೆ ದೇವರ ಮನೆ, ಅಣ್ಣನಿಗೆ ಕಣಜ. ಹಂಪಿ ನಮಗೆ, ಸಂಡೂರು ಅವರಿಗೆ. ಅದಿರಿನ ಗುತ್ತಿಗೆಗಳಲ್ಲಿ ಬಹುಪಾಲು ಸಂಡೂರು ತಾಲ್ಲೂಕಲ್ಲಿ, ದೋಣಿಮಲೆಯ ಎನ್‌ಎಂಡಿಸಿ ಅಲ್ಲಿ, ತೋರಣಗಲ್ಲಿನ ಜಿಂದಾಲ್ ಅಲ್ಲಿ. ಸಂಡೂರಿಗೆ ಹೊಸಪೇಟೆ ಹತ್ತಿರ ಅನ್ನೋದು ನಕ್ಷೆ ನೋಡಿದ ಯಾರಿಗಾದ್ರೂ ತಿಳಿಯುತ್ತೆ. ಆದ್ರೂ ಬಳ್ಳಾರಿಗೇ ಉಳೀತು.

ದುಡ್ಡಿನ ಲೆಕ್ಕ ಹಿಂಗೆ. 2015ರಿಂದ ಡಿಎಂಎಫ್ ಅಂತ ಐತೆ, ಜಿಲ್ಲಾ ಖನಿಜ ಪ್ರತಿಷ್ಠಾನ. ಹಳೇ ಗುತ್ತಿಗೆದಾರ ಕಟ್ಟೋ ರಾಯಧನದ ಮೇಲೆ ಶೇ 30, ಹರಾಜಲ್ಲಿ ಪಡೆದವ ಶೇ 10 ಕಟ್ಟಬೇಕು. ಗಣಿ ಯಾವ ಜಿಲ್ಲೇಲಿ ಐತೋ ಆ ಜಿಲ್ಲೆ ಖಾತೆಗೆ. ರಾಜ್ಯದಲ್ಲಿ ಬಳ್ಳಾರಿ ಡಿಎಂಎಫ್ ಅಂದ್ರೆ ದೊಡ್ಡ ಗಂಟು. ನಮ್ಮೂರು ಹೊಸಪೇಟೆ ತಾಲ್ಲೂಕು, ಬೆಟ್ಟದ ಈಚೆ. ಲಾರಿ ನಮ್ಮ ಮುಂದೇ ಹೋಗ್ತವೆ, ಧೂಳು ಜಿಲ್ಲಾ ಗಡಿ ನೋಡಿ ನಿಲ್ಲಲ್ಲ.

ಮಾಜಿ ಶಿರಸ್ತೇದಾರ

ನಿಯಮದಲ್ಲಿ ಅದಕ್ಕೆ ದಾರಿ ಇದೆ. 2024ರ ಕೇಂದ್ರ ಮಾರ್ಗಸೂಚಿಯಂತೆ ಗಣಿಯಿಂದ 15 ಕಿ.ಮೀ. ತ್ರಿಜ್ಯದ ಒಳಗಿನದು ನೇರ ಬಾಧಿತ ಪ್ರದೇಶ, 25 ಕಿ.ಮೀ. ಒಳಗಿನದು ಪರೋಕ್ಷ ಬಾಧಿತ. ಆ ಸುತ್ತು ಪಕ್ಕದ ಜಿಲ್ಲೆಗೆ ಚಾಚಿದ್ದರೆ ಅಲ್ಲಿನ ಪಾಲನ್ನು ಆ ಜಿಲ್ಲೆಯ ಪ್ರತಿಷ್ಠಾನಕ್ಕೆ ವರ್ಗಾಯಿಸಬೇಕು. ಅಂದರೆ ನಿಮ್ಮೂರ ಗ್ರಾಮಸಭೆ ಮೊದಲು ಕೇಳಬೇಕಾದದ್ದು "ನಮ್ಮ ಹಳ್ಳಿ ಬಾಧಿತ ಪಟ್ಟಿಯಲ್ಲಿ ಇದೆಯೇ" ಎಂದು. ಪಟ್ಟಿಯಲ್ಲಿ ಹೆಸರಿಲ್ಲದೆ ಎಷ್ಟು ಮನವಿ ಕೊಟ್ಟರೂ ಅದು ಟಪಾಲು ವಹಿಯಲ್ಲಿ ಒಂದು ಸಾಲು, ಅಷ್ಟೇ.

ಇದರ ಜೊತೆಗೆ ಸುಪ್ರೀಂ ಕೋರ್ಟ್ ನಿಗಾದಲ್ಲಿ ಕೂಡಿಟ್ಟ ಗಣಿ ಪುನಶ್ಚೇತನದ ಹಣ ಬೇರೆ. ಅದನ್ನು ಖರ್ಚು ಮಾಡುವುದು ಅದಕ್ಕೆಂದೇ ಇರುವ ರಾಜ್ಯದ ನಿಗಮ, ಕೆಎಂಇಆರ್‌ಸಿ. ಎರಡನ್ನೂ ಕಲಸಿ ಮಾತಾಡುವವರೇ ಹೆಚ್ಚು. ಕೇಳುವಾಗ ಯಾವ ಬಾಬ್ತು ಎಂದು ಬರೆಯಿರಿ.

ಪಿ.ಕೆ. ಹಳ್ಳಿ ಧೂಳು

ಸರ್, ಇದೇ ಬೇಕಾಗಿತ್ತು. ಪಂಚಾಯ್ತಿಯಲ್ಲಿ ಕೇಳ್ತೀನಿ.

ಕಂಪ್ಲಿ ಭತ್ತ

ನಮ್ಮ ಪಾಡು ಯಾರೂ ಎತ್ತಲಿಲ್ಲ. ಕಂಪ್ಲಿ ಮೊದಲು ಹೊಸಪೇಟೆ ತಾಲ್ಲೂಕು. 2018ರಲ್ಲಿ ನಮ್ಮದೇ ತಾಲ್ಲೂಕು ಆಯ್ತು ಅಂತ ಸಿಹಿ ಹಂಚಿದ್ವಿ. ಮೂರು ವರ್ಷಕ್ಕೆ ಹೊಸಪೇಟೆ ಜಿಲ್ಲೆ ಆಯ್ತು, ನಾವು ಬಳ್ಳಾರೀಲಿ ಉಳಿದ್ವಿ. ಹೊಸಪೇಟೆಗೆ ಮೂವತ್ತು ಕಿಲೋಮೀಟರ್, ಬಳ್ಳಾರಿಗೆ ಅದಕ್ಕಿಂತ ಬಹಳ ಹೆಚ್ಚು. ತಾಲ್ಲೂಕು ಆಗದೆ ಹೋಬಳಿ ಆಗೇ ಇದ್ದಿದ್ರೆ ಹೊಸಪೇಟೆ ಜೊತೆ ಸುಮ್ಮನೆ ಬಂದುಬಿಡ್ತಿದ್ವೋ ಏನೋ.

ಕೌಲ್‌ಬಜಾರ್ ಹುಡುಗ

ಕಂಪ್ಲಿನೂ ಹೋಗಿದ್ರೆ ನಮಗೆ ಉಳೀತಿದ್ದದ್ದು ಬಿಸಿಲು ಮಾತ್ರ ಅಣ್ಣ.

ತಮಾಷೆ ಸಾಕು. ಹೊಸಪೇಟೆಯವರು ಎಲ್ಲಾ ಬಳ್ಳಾರಿ ಬಾಚಿಕೊಂಡಿತ್ತು ಅನ್ನೋ ಥರ ಮಾತಾಡ್ತಾರೆ. ಬಳ್ಳಾರಿ ಜಿಲ್ಲಾ ಸಹಕಾರ ಕೇಂದ್ರ ಬ್ಯಾಂಕಿನ ಪ್ರಧಾನ ಕಚೇರಿ ಮೊದಲಿಂದ ಎಲ್ಲಿದೆ? ಹೊಸಪೇಟೇಲಿ. ಜಿಲ್ಲೆ ಆಗೋ ಮುಂಚೆನೇ ಕೆಎ 35 ಇತ್ತು, ಆರ್‌ಟಿಒ ಇತ್ತು. ಡ್ಯಾಮ್ ಮಂಡಳಿ ಅಲ್ಲಿ, ಕನ್ನಡ ವಿಶ್ವವಿದ್ಯಾಲಯ 1991ರಿಂದ ಅಲ್ಲಿ. ನಮ್ಮಲ್ಲಿ ಆಸ್ಪತ್ರೆ, ವಿಶ್ವವಿದ್ಯಾಲಯ ಇವೆ, ವಿಶ್ವವಿದ್ಯಾಲಯದ ಹೆಸರಲ್ಲಿ ಇವತ್ತಿಗೂ ನಿಮ್ಮ ವಿಜಯನಗರ, ಆಸ್ಪತ್ರೆಗೂ ಮೊನ್ನೆವರೆಗೆ ವಿಜಯನಗರ ವೈದ್ಯಕೀಯ ವಿಜ್ಞಾನ ಸಂಸ್ಥೆ, ಅಂದ್ರೆ ವಿಮ್ಸ್, ಅಂತಲೇ ಹೆಸರಿತ್ತು! ವಿಮ್ಸ್‌ಗೆ ರೋಗಿ ಕರ್ಕೊಂಡು ಹೊರಟವರು ಹೊಸಪೇಟೇಲಿ ಇಳಿದ ಕಥೆ ಕೇಳಿದ್ದೀನಿ.

ಹಿನ್ನೀರಿನಾಕಿ

ವಿಮ್ಸ್ ಅಂದ್ರಿ ನೋಡು ತಮ್ಮಾ. ಜಿಲ್ಲೆ ಬ್ಯಾರೆ ಆದ್ರೂ ಕಷ್ಟದ ಹೆರಿಗೆ ಅಂದ್ರ ಇವತ್ತಿಗೂ ಬಳ್ಳಾರಿ ಹೆಸರೇ ಬರ್ತೈತಿ. ಹಡಗಲಿ, ಹರಪನಹಳ್ಳಿ ಕಡೆಯವರು ದಾವಣಗೆರೆಗೋ ಹುಬ್ಬಳ್ಳಿಗೋ ಓಡ್ತಾರ. ಕಲೆಕ್ಟರ್ ಆಫೀಸಿಗೆ ವರ್ಷಕ್ಕ ಒಮ್ಮೆ ಹೋದ್ರ ಹೆಚ್ಚು. ಆಸ್ಪತ್ರೆ ಹತ್ತಿರ ಬರೋದು ನಮ್ಮಂಥವರಿಗೆ ಜಿಲ್ಲೆ.

ಮಾಜಿ ಶಿರಸ್ತೇದಾರ

ಸರಿಯಾದ ಮಾತು ತಂಗಿ. ಅಧಿಸೂಚನೆಯಿಂದ ತಕ್ಷಣ ಬರುವುದು ಜಿಲ್ಲಾಧಿಕಾರಿ, ಎಸ್‌ಪಿ, ಜಿಲ್ಲಾ ಪಂಚಾಯಿತಿ ಸಿಇಒ ಇಷ್ಟೇ. ನ್ಯಾಯಾಲಯಕ್ಕೆ ಹೈಕೋರ್ಟಿನ ದಾರಿ ಬೇರೆ, ವೈದ್ಯಕೀಯ ಕಾಲೇಜಿಗೆ ದೆಹಲಿಯ ಅನುಮತಿ ಬೇರೆ, ಸಹಕಾರ ಬ್ಯಾಂಕಿಗೆ ನಬಾರ್ಡ್, ರಿಸರ್ವ್ ಬ್ಯಾಂಕ್ ಒಪ್ಪಿಗೆ ಬೇರೆ. ಇಲಾಖೆಗಳು ಒಂದೊಂದಾಗಿ ಬರುತ್ತವೆ, ಬಂದರೂ ಮೊದಮೊದಲು ಪ್ರಭಾರಿ ಅಧಿಕಾರಿಯೇ. ವಾರಕ್ಕೆರಡು ದಿನ ಇಲ್ಲಿ, ಮಿಕ್ಕ ದಿನ ಅಲ್ಲಿ. ದಾಖಲೆ ಕೊಠಡಿ ಹಂಚುವುದು ಎಲ್ಲಕ್ಕಿಂತ ದೊಡ್ಡ ತಲೆನೋವು. ಹಳೆಯ ಮೇಲ್ಮನವಿ ಕಡತ ಇನ್ನೂ ಮೂಲ ಜಿಲ್ಲೆಯಲ್ಲಿದ್ದರೆ ರೈತ ಎರಡೂ ಕಡೆ ಅಲೆಯಬೇಕು. ಹೊಸ ಜಿಲ್ಲೆಯಲ್ಲಿ ಯಾರಾದರೂ ಪ್ರಕರಣ ಹಾಕುವ ಮೊದಲು ಕಡತ ಎಲ್ಲಿದೆ ಎಂದು ಬರಹದಲ್ಲಿ ಕೇಳಿ ಪಡೆಯಿರಿ.

ಹಂಪಿ ರಸ್ತೆ

ಹಂಪಿ ನಮಗೆ ಬಂತು ಅಂದರಲ್ಲ ಪಿ.ಕೆ. ಹಳ್ಳಿ ಅಣ್ಣ, ಅದೂ ಪೂರ್ತಿ ನಮ್ಮದಲ್ಲ. 1986ರಲ್ಲಿ ಯುನೆಸ್ಕೊ ಪಟ್ಟಿ ಸೇರಿದ ಪ್ರದೇಶದ ಆನೆಗೊಂದಿ ಭಾಗ ಹೊಳೆ ಆಚೆ, ಕೊಪ್ಪಳ ಜಿಲ್ಲೆ. ಎರಡೂ ದಡ ನೋಡಿಕೊಳ್ಳೋದಕ್ಕೆ 2002ರ ಕಾಯ್ದೆಯಿಂದ ಪ್ರಾಧಿಕಾರ ಇದೆ. ವಿರೂಪಾಪುರ ಗಡ್ಡೆ ರೆಸಾರ್ಟುಗಳ ಮೇಲೆ 2020ರಲ್ಲಿ ಸುಪ್ರೀಂ ಕೋರ್ಟ್ ತೀರ್ಪು ಬಂದ ಮೇಲೆ ಅವು ನೆಲಸಮ ಆದವು. ಸೇತುವೆ ಕಟ್ಟೋಕೆ ಹೋಗಿ 1999ರಲ್ಲಿ ಹಂಪಿ ಅಪಾಯದ ಪಟ್ಟಿಗೆ ಬಿತ್ತು, ಹೊರಬರೋಕೆ 2006 ಆಯ್ತು. ಹಂಪಿ ಪಂಚಾಯ್ತಿಯಲ್ಲಿ ಮನೆ ಮೇಲೆ ಒಂದು ಕೋಣೆ ಎತ್ತೋಕೂ ಅನುಮತಿ ಬೇಕು. ಜಿಲ್ಲೆಗೆ ಹೆಸರು ಕೊಟ್ಟ ಊರಿನವರಿಗೆ ಜಿಲ್ಲೆಯಿಂದ ಸಿಕ್ಕಿದ್ದು ಕಡಿಮೆ ಅಂತ ನನ್ನ ಅಭಿಪ್ರಾಯ. ಪ್ರವಾಸಿ ಹಂಪಿ ನೋಡ್ತಾನೆ, ದುಡ್ಡು ಹೊಸಪೇಟೇಲಿ ಖರ್ಚು ಮಾಡ್ತಾನೆ, ಹಡಗಲಿ ಕಡೆ ತಿರುಗಿ ನೋಡಲ್ಲ. ಬಾಗಳಿ ಕಲ್ಲೇಶ್ವರ, ಕುರುವತ್ತಿ, ಹಿರೇಹಡಗಲಿ ಚಾಲುಕ್ಯರ ಗುಡಿಗಳು ಹಂಪಿಗಿಂತ ಹಳೇವು. ಅಲ್ಲಿಗೆ ಒಂದು ಬಸ್ಸಿನ ಸುತ್ತು ಮಾಡೋಕೆ ಹೊಸ ಕಾಯ್ದೆ ಬೇಕಿಲ್ಲ.

ಕೂಡ್ಲಿಗಿ ಹುಣಸೆ

ಜಿಲ್ಲೆ ಜನಸಂಖ್ಯೆ ಎಷ್ಟು ಅಂತ ಎಲ್ಲಿ ನೋಡಿದ್ರೂ 13.5 ಲಕ್ಷ ಅಂತಾರೆ. ಅದು 2011ರ ತಾಲ್ಲೂಕು ಲೆಕ್ಕ ಕೂಡಿಸಿದ್ದು ತಾನೇ?

ಮಾಜಿ ಶಿರಸ್ತೇದಾರ

ಕೂಡಿಸಿದ್ದೇ. ಆಗ ಕೊಟ್ಟೂರು ತಾಲ್ಲೂಕೇ ಇರಲಿಲ್ಲ, ಅದರ ಜನ ಕೂಡ್ಲಿಗಿ ಲೆಕ್ಕದಲ್ಲಿದ್ದಾರೆ. ಹರಪನಹಳ್ಳಿಯ ಅಂಕಿ ದಾವಣಗೆರೆ ಪುಸ್ತಕದಲ್ಲಿದೆ. ವಿಜಯನಗರ ಎಂಬ ಜಿಲ್ಲೆ ಜನಗಣತಿಯಲ್ಲಿ ತನ್ನ ಹೆಸರಲ್ಲೇ ಬರುವುದು 2027ರಲ್ಲಿ, ಮೊದಲ ಸಲ. ಅದಕ್ಕಾಗಿ ಆಡಳಿತ ಗಡಿಗಳನ್ನು 2025ರ ಡಿಸೆಂಬರ್ 31ಕ್ಕೆ ಸ್ಥಗಿತ ಮಾಡಿದ್ದಾರೆ. ಗಣತಿ ಮುಗಿಯುವವರೆಗೆ ಹಳ್ಳಿ, ತಾಲ್ಲೂಕು, ಜಿಲ್ಲೆ ಯಾವುದರ ಗಡಿಯೂ ಕದಲುವಂತಿಲ್ಲ. ಕಂಪ್ಲಿಯವರ ಮನವಿಯೂ ಅಲ್ಲಿಯವರೆಗೆ ಕೂರಬೇಕು.

ಕಂಪ್ಲಿ ಭತ್ತ

ಹಂಗಾದ್ರೆ ಅಲ್ಲೀತನಕ ಹೊಸಪೇಟೇಲಿ ಮದುವೆ ಬಟ್ಟೆ ತಗೊಂಡು, ಬಳ್ಳಾರೀಲಿ ಸಹಿ ಹಾಕಿಸ್ತೀವಿ.